1965ರ ಎಂಜಿಬಿ: ಸರ್ಟಿಫಿಕೇಟ್ ಒಂದು ಹೇಳುತ್ತೆ, ಡೋರ್ ಹ್ಯಾಂಡಲ್ ಇನ್ನೊಂದು ಹೇಳುತ್ತೆ. ಯಾವುದನ್ನ ನಂಬೋದು?

ತುಕ್ಕುಬೇಟೆ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು, ಒಂದು ಎಂಜಿಬಿ ರೋಡ್‌ಸ್ಟರ್ ಬಿಚ್ಚಿ ಹರಡಿಕೊಂಡು ಕೂತಿದ್ದೇನೆ. ಬಲಗಡೆ ಸ್ಟೀರಿಂಗ್, ಕಾರ್ ನಂಬರ್ ಜಿಎಚ್‌ಎನ್3 ಅಂತ ಶುರುವಾಗುತ್ತೆ. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದೆ. ತಯಾರಾದದ್ದು 1965ರ ಮಾರ್ಚ್, ಬಣ್ಣ ಓಲ್ಡ್ ಇಂಗ್ಲಿಷ್ ವೈಟ್, ಒಳಗೆ ಕೆಂಪು ಟ್ರಿಮ್ ಅಂತಿದೆ. ಎಂಜಿನ್ ನಂಬರಿನ ಮುಂದೆ 18ಜಿಬಿ. ಅದು ಐದು ಮೇನ್ ಬೇರಿಂಗಿನ ಎಂಜಿನ್ನಿನ ಗುರುತು. ಆ ಎಂಜಿನ್ ಬಂದದ್ದು 1964ರ ಅಕ್ಟೋಬರ್‌ನಲ್ಲಿ, ಹಾಗಾಗಿ ಅದೂ ತಾಳೆಯಾಯಿತು.

ಯಡವಟ್ಟು ಇರೋದು ಡೋರಲ್ಲಿ. ನನ್ನ ಕಾರಿನ ಎರಡೂ ಡೋರಿಗೆ ಪುಶ್ ಬಟನ್ ಹ್ಯಾಂಡಲ್ ಇದೆ. ನಾನು ಓದಿದ ಕಡೆಯೆಲ್ಲ ಎಳೆಯೋ ಹ್ಯಾಂಡಲ್, ಅಂದ್ರೆ ಪುಲ್ ಹ್ಯಾಂಡಲ್, 1965ರ ಏಪ್ರಿಲ್‌ವರೆಗೆ ಇತ್ತು, ಆಮೇಲೆ ಬಟನ್ ಬಂತು ಅಂತಿದೆ. ಮಾರ್ಚ್ ಕಾರಿಗೆ ಬಟನ್ ಹೇಗೆ ಬಂತು? ಫ್ಯಾಕ್ಟರಿಯಲ್ಲಿ ಸ್ವಲ್ಪ ಮುಂಚೆಯೇ ಹಾಕಿಬಿಟ್ಟರಾ? ಅಥವಾ ನಡುವೆ ಯಾರಾದರೂ ಡೋರ್ ಬದಲಿಸಿದರಾ? ಬಣ್ಣಕ್ಕೆ ಕೊಡೋ ಮೊದಲು ಇದು ಇತ್ಯರ್ಥ ಆಗಬೇಕು.

ಹಳೇಪಾನಾ

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಆ ಕಾಲದ ಫ್ಯಾಕ್ಟರಿಯವರು ಬದಲಾವಣೆಯನ್ನು ತಾರೀಖಿನಿಂದ ಲೆಕ್ಕ ಇಡುತ್ತಿರಲಿಲ್ಲ, ಕಾರ್ ನಂಬರಿನಿಂದ ಇಡುತ್ತಿದ್ದರು. ಆಗ ಎಂಜಿ ಇದ್ದ ಬಿಎಂಸಿ ಕಂಪನಿಯ ಪಾರ್ಟ್ಸ್ ಲಿಸ್ಟ್ ತೆಗೆದು ನೋಡಿ. ಒಂದೇ ಸಾಮಾನಿಗೆ ಎರಡು ಪಾರ್ಟ್ ನಂಬರ್ ಕೊಟ್ಟು, ಇಂಥ ಕಾರ್ ನಂಬರಿನವರೆಗೆ ಇದು, ಅಲ್ಲಿಂದ ಮುಂದೆ ಇದು ಅಂತ ಬರೆದಿರುತ್ತಾರೆ. ಪುಸ್ತಕಗಳಲ್ಲಿ ಕಾಣೋ 'ಏಪ್ರಿಲ್ 1965' ಅನ್ನೋದು ಆ ನಂಬರನ್ನು ಯಾರೋ ಆಮೇಲೆ ತಿಂಗಳಿಗೆ ಹೊಂದಿಸಿಕೊಂಡದ್ದು.

ಇನ್ನೊಂದು, ನಂಬರಿನ ಸಾಲಿನಲ್ಲೇ ಕಾರುಗಳು ಹೊರಗೆ ಬರುತ್ತಿರಲಿಲ್ಲ. ಒಂದು ಬಾಡಿ ಯಾವುದೋ ಕಾರಣಕ್ಕೆ ಪಕ್ಕಕ್ಕೆ ನಿಂತಿತು ಅಂದರೆ ಹಿಂದಿನ ಹತ್ತು ಕಾರು ಮುಂದೆ ಹೋಗಿಬಿಡುತ್ತಿದ್ದವು. ಅದಕ್ಕೇ ಮಾರ್ಚ್ ಅಂದ ಕೂಡಲೇ ಪುಲ್ ಹ್ಯಾಂಡಲ್ ಅಂತ ತೀರ್ಮಾನ ಮಾಡಬೇಡಿ. ನಿಮ್ಮ ಕಾರ್ ನಂಬರು ಬದಲಾವಣೆಯ ನಂಬರಿಗಿಂತ ಎಷ್ಟು ಹಿಂದೆ ಇದೆ ನೋಡಿ. ಹತ್ತಿಪ್ಪತ್ತು ಹಿಂದೆ ಇದ್ದರೆ ವಾದಕ್ಕೆ ಜಾಗ ಇದೆ. ಸಾವಿರ ಹಿಂದೆ ಇದ್ದರೆ ಡೋರನ್ನು ಅನುಮಾನಿಸಿ.

ತುಕ್ಕುಬೇಟೆ

ಸರ್, ನೋಡಿದೆ. ಸಾವಿರಕ್ಕಿಂತ ಜಾಸ್ತಿ ಹಿಂದೆ ಇದೆ.

ಬೋಲ್ಟ್ ಬಸ್ಯಾ

ಹಂಗಾರ ಡೋರ್ ಬ್ಯಾರೆ ಕಾರಿಂದು ಬಿಡ್ರಿ.

ಆದ್ರ ಒಂದು ಕೇಳ್ತೀನಿ ಅಣ್ಣಾರ, ಕಾರು ತೊಳದೀರೋ ಇಲ್ಲೋ? ತೊಳದಿಲ್ಲ ಅಂದ್ರ ತೊಳೀಬ್ಯಾಡ್ರಿ. ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ನಂದೊಂದು ಹಳೇ ಸೆಡಾನ್ ಇತ್ತು, ಇಡೀ ಚಾಸಿ ಒಬ್ಬರ ಹತ್ರ ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಟ್ಟೆ. ಕನ್ನಡಿ ಹಂಗ ಮಾಡಿ ಕೊಟ್ರು, ನಾನೂ ಖುಷಿಯಾಗಿದ್ದೆ. ಒಂದು ತಿಂಗಳಾದ ಮ್ಯಾಲ ಒಬ್ಬ ಹಿರಿಯರು ಬಂದು, ಹಿಂದಿನ ಆಕ್ಸಲ್ ಮ್ಯಾಲ ಹಳದಿ ಬಣ್ಣದ ಗೆರಿ ಇತ್ತೇನು, ಸ್ಪ್ರಿಂಗ್ ಮ್ಯಾಲ ಎಷ್ಟು ಪಟ್ಟಿ ಇದ್ವು ಅಂತ ಕೇಳಿದ್ರು. ನಾ ಏನ್ ಹೇಳ್ಲಿ? ಇದ್ವೋ ಇಲ್ಲೋ ದೇವರಿಗೇ ಗೊತ್ತು. ಒಂದು ಫೋಟೋನೂ ತಗದಿರಲಿಲ್ಲ. ಬ್ಲಾಸ್ಟ್ ಮಾಡಿದವರ ತಪ್ಪಲ್ರಿ, ನಾ ಹೇಳಿದ್ದ ಅವರು ಮಾಡಿದ್ರು.

ಮೂರನೇಗೇರು

ಬಸ್ಯಾ ಹೇಳಿದ್ದು ಚಿನ್ನದಂಥ ಮಾತು. ಆ ಗೆರೆ, ಪಟ್ಟಿ, ಸೀಮೆಸುಣ್ಣದ ಟಿಕ್ ಎಲ್ಲ ಅಸೆಂಬ್ಲಿ ಲೈನಿನವರ ಭಾಷೆ. ಒಂದೇ ಥರ ಕಾಣೋ ನಾಲ್ಕು ಸ್ಪ್ರಿಂಗಲ್ಲಿ ಯಾವುದು ಯಾವ ಕಾರಿಗೆ ಅಂತ ದೂರದಿಂದಲೇ ತಿಳಿಯಲಿ ಅಂತ ಬಣ್ಣದ ಪಟ್ಟಿ. ನಟ್ಟು ಬಿಗಿ ಮಾಡಿ ನೋಡಿಯಾಯಿತು ಅನ್ನೋದಕ್ಕೆ ಒಂದು ಬಣ್ಣದ ಚುಕ್ಕೆ. ಕಾರು ಕೊಂಡವನಿಗಾಗಿ ಹಾಕಿದ್ದಲ್ಲ ಅದು, ಪಕ್ಕದಲ್ಲಿ ನಿಂತ ಕೆಲಸಗಾರನಿಗಾಗಿ ಹಾಕಿದ್ದು.

ನನ್ನ ಹತ್ತಿರ ಇರೋದು 1969ರ ಷೆವ್ರೊಲೆ ಕ್ಯಾಮರೋ. ಅಮೆರಿಕದ ಕಾರುಗಳ ಕಥೆ ಸ್ವಲ್ಪ ಬೇರೆ. ಆ ವರ್ಷ ಕ್ಯಾಮರೋ ಎರಡು ಕಡೆ ತಯಾರಾಗುತ್ತಿತ್ತು, ಓಹಾಯೋದ ನಾರ್‌ವುಡ್ ಮತ್ತು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ನಂಬರಿನಲ್ಲಿ ಎನ್ ಇದ್ದರೆ ನಾರ್‌ವುಡ್, ಎಲ್ ಇದ್ದರೆ ವ್ಯಾನ್ ನೈಸ್. ಡ್ರಾಯಿಂಗ್ ಎರಡೂ ಕಡೆ ಒಂದೇ, ಆದರೆ ಕೈ ಬೇರೆ. ಗುರುತು ಹಾಕೋ ರೀತಿ, ಬಣ್ಣದ ಧೂಳು ಎಲ್ಲಿವರೆಗೆ ಹಾರಿದೆ ಅನ್ನೋದು, ಇವೆಲ್ಲ ಪ್ಲಾಂಟಿಂದ ಪ್ಲಾಂಟಿಗೆ ಬದಲಾಗುತ್ತೆ. ಇದು ಗೊತ್ತಿಲ್ಲದೆ ನಾರ್‌ವುಡ್ ಕಾರಿನ ಫೋಟೋ ನೋಡಿಕೊಂಡು ವ್ಯಾನ್ ನೈಸ್ ಕಾರನ್ನ 'ಸರಿ' ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡವರಿಗೂ ಇದೇ ಪಾಡು. ಡಿಯರ್‌ಬಾರ್ನ್, ಸ್ಯಾನ್ ಹೋಸೆ, ಮೆಟುಚೆನ್ ಅಂತ ಮೂರು ಪ್ಲಾಂಟು, ಕಾರಿನ ಹೊಟ್ಟೆಯ ಬಣ್ಣವೇ ಬೇರೆ ಬೇರೆ.

ಕಾಗದಪತ್ರ

ಮೂರನೇಗೇರು ಅವರೇ, ನಿಮ್ಮ ಅಮೆರಿಕದ ಕಾರುಗಳಿಗೆ ಫ್ಯಾಕ್ಟರಿ ಅಸೆಂಬ್ಲಿ ಮ್ಯಾನ್ಯುಯಲ್ಲೇ ಸಿಗುತ್ತಲ್ಲ, ಹೊಟ್ಟೆಕಿಚ್ಚಾಗುತ್ತೆ. ಆದರೆ ಅದನ್ನ ಓದೋ ರೀತಿ ಬಹಳ ಜನಕ್ಕೆ ಗೊತ್ತಿಲ್ಲ. ಚಿತ್ರ ನೋಡಿ ಪುಟ ತಿರುವಿಬಿಡುತ್ತಾರೆ. ಪ್ರತಿ ಹಾಳೆಯ ಅಂಚಿನಲ್ಲಿ ತಿದ್ದುಪಡಿಯ ಕಾಲಮ್ ಇರುತ್ತೆ, ಯಾವ ತಾರೀಖಿಗೆ ಏನು ಬದಲಾಯಿತು ಅಂತ. ಕಾರು ಜನವರಿಯದ್ದಾಗಿ ಹಾಳೆ ಮೇ ತಿಂಗಳಲ್ಲಿ ತಿದ್ದಿದ್ದಾಗಿದ್ದರೆ ಆ ಚಿತ್ರ ನಿಮ್ಮ ಕಾರಿನದ್ದಲ್ಲ. ನನ್ನ ಮಟ್ಟಿಗೆ ಚಿತ್ರಕ್ಕಿಂತ ಆ ಸಣ್ಣ ಕಾಲಮ್ಮೇ ಮುಖ್ಯ.

ಎಂಜಿಬಿ ಸರ್ಟಿಫಿಕೇಟ್ ಬಗ್ಗೆಯೂ ಒಂದು ಮಾತು. ಅದು ಫ್ಯಾಕ್ಟರಿಯ ದಾಖಲೆಯಿಂದ ತೆಗೆದು ಬರೆದುಕೊಡೋದು. ನಂಬರು, ತಾರೀಖು, ಬಣ್ಣ, ಟ್ರಿಮ್, ಯಾವ ಮಾರ್ಕೆಟ್ಟಿಗೆ ಹೋಯಿತು, ಆಪ್ಷನ್ ಏನಿತ್ತು, ಇಷ್ಟನ್ನು ಹೇಳುತ್ತೆ. ಹ್ಯಾಂಡಲ್ ಯಾವುದು, ಬೋಲ್ಟಿಗೆ ಯಾವ ಲೇಪನ, ವೈರ್ ಎಲ್ಲಿ ಕ್ಲಿಪ್ ಆಗಿತ್ತು ಅಂತ ಹೇಳಲ್ಲ. ಹೇಳದೇ ಇರೋದನ್ನ ಅದರ ಬಾಯಿಗೆ ತುರುಕಬಾರದು.

ಬ್ರೋಷರ್ ಫೋಟೋಗಳನ್ನಂತೂ ಸಾಕ್ಷಿ ಅಂತ ತರಬೇಡಿ. ಅವುಗಳಲ್ಲಿ ಎಷ್ಟೋ ಕಾರು ಮಾರಾಟಕ್ಕೆ ಮೊದಲೇ ತಯಾರಾದ ಮಾದರಿಗಳು, ಮೇಲಿಂದ ಬಣ್ಣದ ಕುಂಚ ಆಡಿಸಿದ ಚಿತ್ರಗಳೂ ಉಂಟು.

ಪದರಪದರ

ನಾನು ಬಣ್ಣದ ಕೆಲಸದವಳು, ಹಾಗಾಗಿ ಬಣ್ಣದ ಕಡೆಯಿಂದ ಹೇಳ್ತೀನಿ. ಡೋರ್ ಬೇರೆ ಕಾರಿನದ್ದಾ ಅಂತ ತಿಳಿಯೋಕೆ ಪುಸ್ತಕ ಬೇಡ, ನೀರು ಮತ್ತು ಎಮರಿ ಪೇಪರ್ ಸಾಕು.

ಡೋರ್ ಟ್ರಿಮ್ ತೆಗೆದು ಒಳಗೆ ಯಾರಿಗೂ ಕಾಣದ ಜಾಗ ಆರಿಸಿಕೊಳ್ಳಿ. 800ರ ಪೇಪರಿನಲ್ಲಿ ನೀರು ಹಾಕಿ ಒಂದು ರೂಪಾಯಿ ಅಗಲ ಉಜ್ಜಿ. ನಡುವೆ ಜಾಸ್ತಿ, ಅಂಚಿಗೆ ಬರ್ತಾ ಕಮ್ಮಿ, ಬಟ್ಟಲಿನ ಥರ ಆಗಬೇಕು. ಲೋಹ ಕಾಣಿಸಿದ ಕೂಡಲೇ ನಿಲ್ಲಿಸಿ, 1500ಕ್ಕೆ ಬಂದು ನಯ ಮಾಡಿ, ಒರೆಸಿ ನೋಡಿ. ಕಡಿದ ಮರದ ಬುಡದಲ್ಲಿ ಸುತ್ತು ಕಾಣಲ್ವಾ, ಹಾಗೆ ಬಣ್ಣದ ಉಂಗುರಗಳು ಕಾಣುತ್ತವೆ. ಒಳಗಿನಿಂದ ಹೊರಗೆ ಓದಿಕೊಂಡು ಬನ್ನಿ. ಇದೇ ಥರ ಇನ್ನೊಂದನ್ನ ಡ್ಯಾಶ್‌ಬೋರ್ಡ್ ಕೆಳಗೆ ಬಾಡಿ ಮೇಲೆ ಮಾಡಿ. ಎರಡನ್ನೂ ಹಗಲು ಬೆಳಕಲ್ಲಿ ಫೋಟೋ ತೆಗೆದು ಹಾಕಿ.

ಇನ್ನೊಂದು, ಉಂಗುರಗಳ ನಡುವೆ ಗೀರು ಇದೆಯಾ ಅಂತ ಲೆನ್ಸ್ ಹಿಡಿದು ನೋಡಿ. ಫ್ಯಾಕ್ಟರಿಯ ಬಣ್ಣದ ಪದರದ ಮೇಲೆಯೇ ಎಮರಿ ಗೀರು ಇದ್ದರೆ, ಅಲ್ಲಿಂದ ಮೇಲಿನದ್ದು ಯಾರೋ ಆಮೇಲೆ ಹೊಡೆದದ್ದು.

ತುಕ್ಕುಬೇಟೆ

ಮೇಡಂ, ಮಾಡಿದೆ. ಕೈ ನಡುಗ್ತಾ ಇತ್ತು, ಸುಳ್ಳಲ್ಲ.

ಡ್ಯಾಶ್‌ಬೋರ್ಡ್ ಕೆಳಗೆ: ಲೋಹ, ಪ್ರೈಮರ್, ಬಿಳಿ. ಅಷ್ಟೇ, ಅಲ್ಲಿ ಯಾರೂ ಆಮೇಲೆ ಮುಟ್ಟೇ ಇಲ್ಲ.

ಎಡ ಡೋರ್ ಒಳಗೆ: ಲೋಹ, ಪ್ರೈಮರ್, ಕೆಂಪು, ಆಮೇಲೆ ಬೂದು ಪ್ರೈಮರ್, ಆಮೇಲೆ ಬಿಳಿ. ಟಾರ್ಟನ್ ರೆಡ್ ಇರಬೇಕು. ಕೆಂಪಿನ ಮೇಲೆ ಗೀರು ಚೆನ್ನಾಗಿ ಕಾಣುತ್ತೆ.

ಬಲ ಡೋರ್ ಒಳಗೆ: ಲೋಹ, ಪ್ರೈಮರ್, ಬಿಳಿ, ಮತ್ತೆ ಬಿಳಿ. ಕೆಂಪೇ ಇಲ್ಲ!

ಅಂದ್ರೆ ಎಡಗಡೆಯದು ಬೇರೆ ಕಾರಿನದ್ದು, ಬಲಗಡೆಯದು ನನ್ನ ಕಾರಿನದ್ದೇ. ಹಾಗಿದ್ದರೆ ನನ್ನ ಕಾರು ಹುಟ್ಟುವಾಗಲೇ ಪುಶ್ ಬಟನ್ ಆಗಿತ್ತು ಅಂತಾಯ್ತಲ್ಲ?

ಮೂರನೇಗೇರು

ನೋಡಿ, ಫ್ಯಾಕ್ಟರಿಯಲ್ಲಿ ಮುಂಚೆಯೇ ಹಾಕಿದ್ದಾರೆ. ಅಪರೂಪದ ಕಾರು ಸಿಕ್ಕಿದೆ ನಿಮಗೆ.

ಪದರಪದರ

ಸ್ವಲ್ಪ ತಡೀರಿ ಇಬ್ಬರೂ. ಕೆಂಪು ಕಂಡರೆ ಡೋರ್ ಬೇರೆ ಕಾರಿನದ್ದು ಅಂತ ಗಟ್ಟಿಯಾಗಿ ಹೇಳಬಹುದು. ಬಿಳಿ ಕಂಡರೆ ಇದೇ ಕಾರಿನದ್ದು ಅಂತ ಹೇಳೋಕಾಗಲ್ಲ. ಓಲ್ಡ್ ಇಂಗ್ಲಿಷ್ ವೈಟ್ ಆ ಕಾಲದಲ್ಲಿ ಎಷ್ಟು ಕಾರಿಗೆ ಹೊಡೆದರು! ಬಿಳಿ ಕಾರಿಗೆ ಇನ್ನೊಂದು ಬಿಳಿ ಕಾರಿನ ಡೋರ್ ಸಿಕ್ಕಿದ್ದರೆ ನಿಮಗೆ ಕಾಣೋದು ಇದೇ ಉಂಗುರ.

ಎರಡು ಕಡೆಯ ಪ್ರೈಮರ್ ಬಣ್ಣ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಥರ ಇದ್ದರೂ ಸಾಲದು, ಬೇರೆ ಇದ್ದರೆ ಮಾತ್ರ ಸುಳಿವು. ಹಿಂಜ್ ಸ್ಕ್ರೂಗಳನ್ನೂ ನೋಡಿ. ಡೋರ್ ಕೂರಿಸಿಯೇ ಬಾಡಿಗೆ ಬಣ್ಣ ಹೊಡೆದಿದ್ದರೆ ಸ್ಕ್ರೂ ತಲೆ ಮೇಲೂ ಬಣ್ಣ ಕೂತಿರುತ್ತೆ, ಒಂದೇ ಒಂದು ಸಲ ತಿರುಗಿಸಿದರೂ ಆ ಬಣ್ಣ ಒಡೆಯುತ್ತೆ.

ತುಕ್ಕುಬೇಟೆ

ಹಿಂಜ್ ಸ್ಕ್ರೂ ಎಲ್ಲ ಕಡೆ ಒಡೆದಿದೆ, ಒಂದರ ತಲೆ ಪೂರ್ತಿ ತಿಂದುಹೋಗಿದೆ. ಅರವತ್ತು ವರ್ಷದಲ್ಲಿ ಯಾರಾದರೂ ಡೋರ್ ಅಡ್ಜಸ್ಟ್ ಮಾಡಿರಬಹುದಲ್ಲ, ಇದರಿಂದ ಏನೂ ತೀರ್ಮಾನ ಆಗಲ್ಲ.

ಹಳೇಪಾನಾ

ಸರಿಯಾಗಿ ಹೇಳಿದಿರಿ. ಈಗ ಗಾಜು ನೋಡಿ. ಡೋರ್ ಗಾಜಿನ ಮೂಲೆಯಲ್ಲಿ ಟ್ರಿಪ್ಲೆಕ್ಸ್ ಅನ್ನೋ ಗಾಜಿನ ಕಂಪನಿಯ ಮುದ್ರೆ ಇರುತ್ತೆ. ಅಕ್ಷರಗಳ ಮೇಲೆ, ಕೆಳಗೆ ಸಣ್ಣ ಚುಕ್ಕಿ. ಯಾವ ಅಕ್ಷರಕ್ಕೆ ಚುಕ್ಕಿ ಇದೆ ಅನ್ನೋದರಿಂದ ವರ್ಷ, ವರ್ಷದ ಯಾವ ಕಾಲು ಭಾಗ ಅಂತ ತಿಳಿಯುತ್ತೆ. ದಶಕ ಮಾತ್ರ ಹೇಳಲ್ಲ, ಅದನ್ನ ನಾವು ಊಹಿಸಿಕೊಳ್ಳಬೇಕು.

ಲ್ಯೂಕಾಸ್ ಕಂಪನಿಯ ವಿದ್ಯುತ್ ಸಾಮಾನುಗಳ ಮೇಲೂ ತಾರೀಖು ಇರುತ್ತೆ. ನಿಮ್ಮದು ಮಾರ್ಕ್ 1, ಅಂದರೆ ಎಂಜಿಬಿಯ ಮೊದಲ ಆವೃತ್ತಿ, ಡೈನಮೋ ಇರಬೇಕು, ಆಲ್ಟರ್ನೇಟರ್ ಬಂದದ್ದು 1967ರ ಕೊನೆಗೆ ಮಾರ್ಕ್ 2 ಜೊತೆ. ಡೈನಮೋ, ಸ್ಟಾರ್ಟರ್ ಮೈ ಮೇಲೆ ಒರೆಸಿ ಓರೆ ಬೆಳಕು ಬಿಟ್ಟು ನೋಡಿ, ಗುದ್ದಿದ ಅಂಕಿ ಕಾಣುತ್ತೆ. ಸಾಮಾನಿನ ತಾರೀಖು ಕಾರಿಗಿಂತ ಕೆಲವು ವಾರ ಮುಂಚಿನದಾಗಿದ್ದರೆ ನಂಬಬಹುದು. ಕಾರಿಗಿಂತ ಆಮೇಲಿನದ್ದಾದರೆ ಅದು ಬದಲಿಸಿದ ಸಾಮಾನು, ಅದರಲ್ಲಿ ವಾದವೇ ಇಲ್ಲ.

ಮೂರನೇಗೇರು

ತಾರೀಖು ಓದುವಾಗ ಕಂಪನಿಯ ಅಭ್ಯಾಸ ತಿಳಿದಿರಬೇಕು. ನಾನೊಮ್ಮೆ ಇದರಲ್ಲಿ ಮಂಗ ಆಗಿದ್ದೇನೆ. ಷೆವ್ರೊಲೆ ಎರಕದ ಮೇಲೆ ತಿಂಗಳಿಗೆ ಅಕ್ಷರ, ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಫೋರ್ಡ್‌ನವರದ್ದೂ ಅಕ್ಷರವೇ, ಆದರೆ ಅವರು ಐ ಅನ್ನೋ ಅಕ್ಷರ ಬಿಟ್ಟುಬಿಡುತ್ತಾರೆ, ಒಂದು ಅಂಕಿಯ ಜೊತೆ ಗೊಂದಲ ಆಗುತ್ತೆ ಅಂತ. ಹಾಗಾಗಿ ಷೆವ್ರೊಲೆಯಲ್ಲಿ ಜೆ ಅಂದರೆ ಅಕ್ಟೋಬರ್, ಫೋರ್ಡ್‌ನಲ್ಲಿ ಜೆ ಅಂದರೆ ಸೆಪ್ಟೆಂಬರ್. ಸ್ನೇಹಿತನ ಮಸ್ಟಾಂಗ್ ಬ್ಲಾಕ್ ನೋಡಿ 'ಇದು ಕಾರು ತಯಾರಾದ ಮೇಲೆ ಎರಕ ಹೊಯ್ದದ್ದು, ನಿನಗೆ ಟೋಪಿ ಹಾಕಿದ್ದಾರೆ' ಅಂದುಬಿಟ್ಟೆ. ಎರಡು ದಿನ ಅವನಿಗೆ ನಿದ್ದೆ ಇಲ್ಲ. ಆಮೇಲೆ ನೋಡಿದರೆ ಟೋಪಿ ನನ್ನ ತಲೆ ಮೇಲೇ ಇತ್ತು.

ಫೋರ್ಡ್ ಸಾಮಾನಿನ ಮೇಲಿನ ಸಿ5ಝಡ್‌ಇ ಥರದ ಅಕ್ಷರಗಳೂ ಅಷ್ಟೇ. ಸಿ ಅಂದರೆ 1960ರ ದಶಕ, 5 ಅಂದರೆ 1965, ಝಡ್ ಅಂದರೆ ಮಸ್ಟಾಂಗ್, ಇ ಅಂದರೆ ಎಂಜಿನ್ ವಿಭಾಗ. ಅದು ಸಾಮಾನಿನ ವಿನ್ಯಾಸ ಆದ ವರ್ಷ, ತಯಾರಾದ ವರ್ಷ ಅಲ್ಲ. 1967ರ ಕಾರಲ್ಲಿ ಸಿ5 ಸಾಮಾನು ಇದ್ದರೆ ಗಾಬರಿ ಬೇಡ.

ಬೋಲ್ಟ್ ಬಸ್ಯಾ

ಸ್ಕ್ರೂದ ಮಾತು ಬಂತಲ್ರಿ, ಒಂದು ನೆನಪಾತು. ಒಬ್ಬರು 1958ರ ಕಾರು, ಒಂದು ಸ್ಕ್ರೂನೂ ಬದಲಿಸಿಲ್ಲ ಅಂತ ಎದಿ ಉಬ್ಬಿಸಿ ತೋರಸಾಕತ್ತಿದ್ರು. ನಾ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದೆ. ಪ್ಲಸ್ ಸ್ಕ್ರೂದ ನಾಕು ತೋಳಿನ ನಡುವ ಸಣ್ಣ ಸಣ್ಣ ಗೆರಿ. ಪೋಜಿಡ್ರೈವ್ ರೀ ಅದು! ಸಾದಾ ಪ್ಲಸ್ ಸ್ಕ್ರೂ, ಅಂದ್ರ ಫಿಲಿಪ್ಸ್, 1930ರ ದಶಕದಿಂದ ಕಾರ್ನ್ಯಾಗ ಐತಿ, ಖರೆ, ಆದ್ರ ಪೋಜಿಡ್ರೈವ್ ಬಂದದ್ದ 1960ರ ದಶಕದಾಗ. 58ರ ಕಾರಿಗೆ ಅದನ್ನ ಯಾರು ಹಾಕ್ಯಾರ? ನಾ ಏನೂ ಅನ್ನಲಿಲ್ಲ, ಭಾಳ ಛಲೋ ಐತ್ರಿ ಅಂತ ಬಂದೆ.

ಬೋಲ್ಟಿನ ತಲಿ ಮ್ಯಾಲ ತಯಾರಕರ ಗುರುತು ಇರ್ತಾವ. ಕಿತ್ತ ಬೋಲ್ಟ್ ಎಲ್ಲಾ ಒಂದ ಡಬ್ಬ್ಯಾಗ ಸುರೀಬ್ಯಾಡ್ರಿ. ರಟ್ಟಿನ ಮ್ಯಾಲ ಕಾರಿನ ಚಿತ್ರ ಬರದು, ಯಾವ ತೂತಿಂದ ಬಂತೋ ಅಲ್ಲೇ ಚುಚ್ಚಿ ಇಡ್ರಿ. ನೋಡಾಕ ಮಕ್ಕಳಾಟ, ಎರಡು ವರ್ಷ ಬಿಟ್ಟು ಜೋಡಸಾಕ ಕುಂತಾಗ ಗೊತ್ತಾಗತೈತಿ.

ತುಕ್ಕುಬೇಟೆ

ಗಾಜು ನೋಡಿದೆ. ಎಡ ಗಾಜು, ಬಲ ಗಾಜು ಚುಕ್ಕಿ ಬೇರೆ ಬೇರೆ. ಬಲದ್ದು 7ಕ್ಕೆ ಬರುತ್ತೆ. ಅಂದ್ರೆ 1967.

ಆದರೆ ಗಾಜು ಒಡೆದು ಬದಲಿಸಿರಬಹುದು ಅಂತ ನೀವೇ ಹೇಳ್ತೀರಿ, ಗೊತ್ತು.

ಹಳೇಪಾನಾ

ಹೇಳುತ್ತೇನೆ, ಹೌದು. ಗಾಜೊಂದೇ ಆಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದೆ. ಆದರೆ ಈಗ ಒಂದೊಂದೇ ಸುಳಿವು ಒಂದೇ ಕಡೆ ಬೊಟ್ಟು ಮಾಡುತ್ತಿದೆ.

ನಾವೆಲ್ಲ ಡೋರನ್ನೇ ನೋಡುತ್ತಿದ್ದೇವೆ. ಡೋರನ್ನು ಬಿಚ್ಚಿ ಒಯ್ಯಬಹುದು, ಡೋರ್ ಮುಚ್ಚಿಕೊಳ್ಳೋ ಬಾಡಿಯ ಕಂಬವನ್ನು ಒಯ್ಯೋಕಾಗಲ್ಲ. ಹ್ಯಾಂಡಲ್ ಬದಲಾದಾಗ ಅದರ ಜೊತೆ ಲಾಕೂ ಬದಲಾಯಿತು. ಲಾಕು ಬದಲಾದ ಮೇಲೆ ಅದು ಕಚ್ಚಿಕೊಳ್ಳೋ ಸ್ಟ್ರೈಕರ್ ಪ್ಲೇಟೂ ಬದಲಾಯಿತು. ಆ ಪ್ಲೇಟ್ ಕೂರೋದು ಬಾಡಿ ಮೇಲೆ. ಅದನ್ನ ಬಿಚ್ಚಿ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಥಿನ್ನರ್ ಹಾಕಬೇಡಿ. ಫೋಟೋ ಹಾಕಿ.

ತುಕ್ಕುಬೇಟೆ

ನಾಲ್ಕು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಸ್ಕ್ರೂ ಜಗ್ಗಲೇ ಇಲ್ಲ. ದಿನಾ ಎರಡು ಹನಿ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಕಾದೆ, ನಿನ್ನೆ ರಾತ್ರಿ 'ಟಕ್' ಅಂತ ಬಿಟ್ಟುಕೊಟ್ಟಿತು.

ಬಲಗಡೆ ಪ್ಲೇಟ್ ತೆಗೆದೆ. ಅದರ ಹಿಂದೆ ಬಣ್ಣ ಎರಡು ಮಟ್ಟದಲ್ಲಿ ಇದೆ. ಈಗಿನ ಪ್ಲೇಟ್ ಆಕಾರಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಆಕಾರ ಕೆಳಗಿನ ಬಿಳಿ ಬಣ್ಣದಲ್ಲಿ ಒತ್ತಿಕೊಂಡಿದೆ. ಗೋಡೆ ಮೇಲಿನ ಹಳೇ ಕ್ಯಾಲೆಂಡರ್ ತೆಗೆದರೆ ಚೌಕ ಉಳಿಯುತ್ತಲ್ಲ, ಹಾಗೆ. ಅದರೊಳಗೆ ಒಂದು ತೂತನ್ನ ಬ್ರೇಜಿಂಗ್ ಮಾಡಿ ಮುಚ್ಚಿದ್ದಾರೆ, ಮೇಲೆ ಸ್ವಲ್ಪ ಪುಟ್ಟಿ. ಹಿತ್ತಾಳೆ ಬಣ್ಣ ಹಾಗೇ ಹೊಳೀತಿದೆ.

ಎಡಗಡೆಯೂ ಅದೇ ಕಥೆ.

ಪದರಪದರ

ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಗುರುತಿನ ಒಳಗೆ ಒಂದೇ ಬಿಳಿ, ಹೊರಗೆ ಎರಡು ಬಿಳಿ. ಅಂದರೆ ಮೊದಲ ರೀಪೇಂಟ್ ಆಗುವಾಗ ಹಳೇ ಪ್ಲೇಟ್ ಇನ್ನೂ ಅಲ್ಲೇ ಇತ್ತು, ಬಿಚ್ಚದೇ ಸುತ್ತ ಹೊಡೆದಿದ್ದಾರೆ. ಡೋರ್ ಬದಲಿಸಿದ್ದು ಅದಾದ ಮೇಲೆ. ಸೋಮಾರಿ ಪೇಂಟರ್ ಒಬ್ಬ ನಿಮಗೆ ಉಪಕಾರ ಮಾಡಿದ್ದಾನೆ.

ಕಾಗದಪತ್ರ

ಇದಕ್ಕೆ ಒಂದು ಕೊನೇ ಮೊಳೆ ಬೇಕು. ನನ್ನ ಹತ್ತಿರ 1964ರ ಪುಲ್ ಹ್ಯಾಂಡಲ್ ಕಾರು ಇದೆ, ಸ್ಟ್ರೈಕರ್ ಬಿಚ್ಚಿಯೇ ಇಟ್ಟಿದ್ದೇನೆ. ಬೆಣ್ಣೆ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಅದರ ಆಕಾರ, ತೂತು ಎಲ್ಲ ಇದ್ದ ಅಳತೆಗೇ ಗೀಚಿ ಕಳಿಸುತ್ತೇನೆ. ಸ್ಕ್ಯಾನ್ ಬೇಡ, ಅಳತೆ ಹೆಚ್ಚುಕಮ್ಮಿ ಆಗುತ್ತೆ.

ಮೂರನೇಗೇರು

ನಾನು ಹೇಳಿದ ಅಪರೂಪದ ಕಾರಿನ ಮಾತು ವಾಪಸ್ ತಗೊಂಡೆ.

ಆದರೆ ಒಂದು ಕೇಳಲಾ? ಈ ಡೋರುಗಳೂ ಆ ಕಾರಿನ ಜೊತೆ ಎಷ್ಟೋ ವರ್ಷ ಓಡಿವೆ. ಅವನ್ನ ಕಿತ್ತು ಇನ್ನೆಲ್ಲಿಂದಲೋ ತಂದ ಪುಲ್ ಹ್ಯಾಂಡಲ್ ಡೋರ್ ಹಾಕಿದರೆ ಅದೂ ಬೇರೆ ಕಾರಿನ ಡೋರೇ ತಾನೆ? ಯಾವ ಅರ್ಥದಲ್ಲಿ ಅದು 'ಒರಿಜಿನಲ್'?

ಹಳೇಪಾನಾ

ಒರಿಜಿನಲ್ ಅಲ್ಲ, ಸರಿಯಾದದ್ದು. ಎರಡೂ ಬೇರೆ. ಫ್ಯಾಕ್ಟರಿಯಿಂದ ಬಂದದ್ದೇ ಉಳಿದಿದ್ದರೆ ಒರಿಜಿನಲ್. ಫ್ಯಾಕ್ಟರಿಯಲ್ಲಿ ಹೇಗಿತ್ತೋ ಹಾಗೆ ಮಾಡಿದರೆ ಸರಿ. ಎರಡನೆಯದನ್ನ ಮೊದಲನೆಯದು ಅಂತ ಮಾರೋದು ಮೋಸ. ಏನು ಬದಲಿಸಿದ್ದೇವೆ ಅಂತ ಬರೆದಿಟ್ಟರೆ ಯಾವ ತಪ್ಪೂ ಇಲ್ಲ.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. ಫ್ಯಾಕ್ಟರಿಯಲ್ಲಿ ಯಾರೂ ಒಂದು ಕಾರಿನ ಮುಂದೆ ವಾರಗಟ್ಟಲೆ ಕೂತು ಬಣ್ಣ ಉಜ್ಜಿಲ್ಲ. ಬಾನೆಟ್ಟಿನ ಒಳಮೈಯಲ್ಲಿ ಬಣ್ಣ ತೆಳ್ಳಗೆ, ಕಾರ್ಪೆಟ್ ಕೆಳಗೆ ಬಣ್ಣದ ಧೂಳು, ಸೀಲರ್ ಬೆರಳಲ್ಲಿ ಒತ್ತಿದ ಹಾಗೆ. ಇದನ್ನೆಲ್ಲ ಕನ್ನಡಿ ಮಾಡಿದರೆ ಚೆಂದ ಕಾಣಬಹುದು, ಆದರೆ ಎಂಜಿಬಿ ತಯಾರಾಗುತ್ತಿದ್ದ ಅಬಿಂಗ್ಡನ್‌ನಿಂದ ಅಂಥ ಕಾರು ಒಂದೂ ಹೊರಗೆ ಬಂದಿಲ್ಲ.

ಬೋಲ್ಟ್ ಬಸ್ಯಾ

ನನ್ನ ಕೇಳಿದ್ರ ಈ ಡೋರ್ ಇರಲಿ ಅಂತೀನಿ. ಆದ್ರ ಕಾರು ನಿಮ್ಮದು.

ತುಕ್ಕುಬೇಟೆ

ಕಾಗದಪತ್ರ ಅವರ ಬೆಣ್ಣೆ ಕಾಗದ ಇವತ್ತು ಕೈಸೇರಿತು. ಬಲ ಕಂಬದ ಮೇಲಿಟ್ಟೆ. ಗುರುತಿನ ಅಂಚಿಗೆ ಅಂಚು ಕೂತಿತು. ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದ ಒಂದು ತೂತು ನೇರವಾಗಿ ಆ ಹಿತ್ತಾಳೆ ಚುಕ್ಕೆ ಮೇಲೆ ಬಂತು. ಹೆಂಡತಿಯನ್ನ ಕರೆದು ತೋರಿಸಿದೆ. 'ತೂತು ಮುಚ್ಚಿದ್ದಾರೆ ಅಂತ ಇಷ್ಟು ಖುಷಿನಾ?' ಅಂದಳು.

ಹಾಗಾಗಿ ನಿರ್ಧಾರ ಮಾಡಿದೆ. ಪುಶ್ ಬಟನ್ ಡೋರುಗಳನ್ನ ಮಾರಲ್ಲ, ಹೆಸರು ಬರೆದು ಸುತ್ತಿ ಇಡ್ತೀನಿ. ಕಂಬದ ಮೇಲಿನ ಆ ಗುರುತಿನ ಜಾಗ ಬಿಟ್ಟು ಉಳಿದದ್ದಕ್ಕೆ ಬಣ್ಣ, ಸ್ಟ್ರೈಕರ್ ಕೂತ ಮೇಲೆ ಯಾರಿಗೂ ಕಾಣಲ್ಲ.

ಯಾರ ಹತ್ತಿರವಾದರೂ ಎಂಜಿಬಿಯ ಪುಲ್ ಹ್ಯಾಂಡಲ್ ಡೋರ್ ಜೋಡಿ ಇದ್ದರೆ ತಿಳಿಸಿ. ತುಕ್ಕು ಇದ್ದರೂ ಪರವಾಗಿಲ್ಲ, ಯಾವ ಬಣ್ಣ ಆದರೂ ಸರಿ. ತೊಳೆಯದೇ ಕಳಿಸಿ ಅಷ್ಟೇ.